ಸರದಿ ಬಿಟ್ಟುಕೊಡುವ ವಿದ್ಯೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬಿನ ಕಟಾವು ಮುಗಿದು ಜಾತ್ರೆಗಳು ಶುರುವಾದವೆಂದರೆ ಪಂದ್ಯಾವಳಿಗಳೂ ಶುರುವಾದವು ಎಂದೇ ಲೆಕ್ಕ. ಕಬಡ್ಡಿಗೆ ಮಣ್ಣಿನ ಅಂಕಣ ಹದವಾಗುತ್ತದೆ, ಟೆನಿಸ್ ಬಾಲ್ ಕ್ರಿಕೆಟ್‌ಗೆ ಕಟಾವಾದ ಹೊಲವೇ ಮೈದಾನವಾಗುತ್ತದೆ. ಈಗೀಗ ಊರಿನ ಕ್ರಿಕೆಟ್ ಪಂದ್ಯಾವಳಿಗೂ ‘ಪ್ರೀಮಿಯರ್ ಲೀಗ್’ ಎಂದು ಹೆಸರಿಡುತ್ತಾರೆ. ಆ ಹೆಸರಿನ ಬೆನ್ನಿಗೇ ಆಟಗಾರರ ಲಿಲಾವು ಬಂದಿದೆ. ಸಮುದಾಯ ಭವನದಲ್ಲೋ ಗುಡಿಯ ಕಟ್ಟೆಯ ಮೇಲೋ ತಂಡಗಳ ಮಾಲೀಕರು ಕೂತಿರುತ್ತಾರೆ. ಎಲ್ಲರಿಗೂ ಸಮನಾಗಿ ಪಾಯಿಂಟ್ ಹಂಚಿರುತ್ತಾರೆ, ರೊಕ್ಕದ ಬದಲು ಪಾಯಿಂಟಿನಲ್ಲೇ ಸವಾಲು. ಹೆಸರು ಕೂಗಿದ ಕೂಡಲೇ ಬೆಲೆ ಏರುತ್ತದೆ. ‘ಒಂದ್ ಸಲ, ಎರಡ್ ಸಲ’ ಅನ್ನುವಷ್ಟರಲ್ಲಿ ಇನ್ನೊಂದು ಮೂಲೆಯಿಂದ ಮತ್ತೊಂದು ಕೂಗು ಏಳುತ್ತದೆ.

ಅಂಥ ಲಿಲಾವಿನಲ್ಲಿ ನನ್ನ ಕಣ್ಣು ಹೋಗುವುದು ಕೂಗದೆ ಕೂತವನ ಕಡೆಗೆ. ಮೊದಲ ಐದಾರು ದೊಡ್ಡ ಹೆಸರುಗಳು ಬಂದು ಹೋಗುವವರೆಗೂ ಅವನು ಕೈ ಎತ್ತುವುದಿಲ್ಲ. ಪಕ್ಕದ ಹುಡುಗರು ಚಡಪಡಿಸುತ್ತಾರೆ: “ಅಣ್ಣಾ, ಅಂವ ಹೊಂಟ ನೋಡು, ಹಿಡೀ!” ಅವನದು ಒಂದೇ ಉತ್ತರ: “ತಡೀ ತಮ್ಮಾ, ಇನ್ನ ಭಾಳ ಮಂದಿ ಅದಾರ.” ಅರ್ಧ ಲಿಲಾವು ಮುಗಿದು ಉಳಿದವರ ಪಾಯಿಂಟ್ ತಳ ಕಂಡ ಮೇಲೆ ಅವನ ಕೆಲಸ ಶುರುವಾಗುತ್ತದೆ. ಮೂರನೇ ಸಾಲಿನ ಬೌಲರ್, ಪಕ್ಕದೂರಿನ ವಿಕೆಟ್ ಕೀಪರ್, ಹೋದ ವರ್ಷ ಕಾಲು ಉಳುಕಿ ಆಡದೆ ಉಳಿದಿದ್ದ ಹುಡುಗ, ಹೀಗೆ ಒಬ್ಬೊಬ್ಬರನ್ನೇ ಮೂಲ ಬೆಲೆಗೆ ಎತ್ತಿಕೊಳ್ಳುತ್ತಾ ಹೋಗುತ್ತಾನೆ. ಅವನ ಜೇಬಿನ ಚೀಟಿಯಲ್ಲಿ ಮೂವತ್ತು ಹೆಸರಿರುತ್ತವೆ, ಉಳಿದವರ ಚೀಟಿಯಲ್ಲಿ ಹತ್ತು. ಅವನ ಧೈರ್ಯವೆಲ್ಲ ಆ ಇಪ್ಪತ್ತು ಹೆಸರುಗಳಲ್ಲಿದೆ.

ಕೈಗೆ ಬಂದ ಮೊದಲ ಆಯ್ಕೆಯನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಹಿಂದಿನ ಎರಡು ಮೂರು ಆಯ್ಕೆ ಪಡೆಯುವುದು ಒಳ್ಳೆಯ ತಂತ್ರವೇ? ಜಗತ್ತಿನ ದೊಡ್ಡ ಲೀಗುಗಳಲ್ಲಿ ಕೋಟಿಗಟ್ಟಲೆ ಹಣ ಈ ಪ್ರಶ್ನೆಯ ಮೇಲೆ ಓಡಾಡುತ್ತದೆ. ನನ್ನ ಉತ್ತರ ಬಹುಮಟ್ಟಿಗೆ ಹೌದು. ಯಾವಾಗ ಹೌದು, ಯಾವಾಗ ಅಲ್ಲ ಎಂದು ಅರಿಯುವುದರಲ್ಲಿ ಈ ವಿದ್ಯೆಯ ಸೊಗಸಿದೆ.

ಲಿಲಾವು ಬೇಡ ಎನ್ನುವ ಕಡೆ ಸರದಿ ಪದ್ಧತಿ ಇರುತ್ತದೆ. ಎಂಟು ನಾಯಕರು ಚೀಟಿ ಎತ್ತುತ್ತಾರೆ. ಒಂದನೇ ಚೀಟಿ ಬಂದವನು ಮೊದಲು ಆರಿಸುತ್ತಾನೆ, ಎಂಟನೆಯವನು ಕೊನೆಗೆ. ಎರಡನೇ ಸುತ್ತು ಎಂಟನೆಯವನಿಂದ ಹಿಂದಕ್ಕೆ ಬರುತ್ತದೆ. ಹಾಗಾಗಿ ಒಂದನೆಯವನ ಪಾಲಿಗೆ 1 ಮತ್ತು 16ನೇ ಆಟಗಾರರು, ಎಂಟನೆಯವನ ಪಾಲಿಗೆ 8 ಮತ್ತು 9ನೆಯವರು. ಯಾವ ಚೀಟಿ ಮೇಲು? ಹುಡುಗರೆಲ್ಲ ಒಂದನೆಯದಕ್ಕೇ ಹಾತೊರೆಯುತ್ತಾರೆ. ಆದರೆ ಉತ್ತರ ಚೀಟಿಯಲ್ಲಿಲ್ಲ, ಆಟದಲ್ಲಿದೆ. ಮೊದಲನೆಯ ಆಟಗಾರನಿಗೂ ಎಂಟನೆಯವನಿಗೂ ನಡುವೆ ಎಷ್ಟು ಅಂತರ, ಎಂಟನೆಯವನಿಗೂ ಹದಿನಾರನೆಯವನಿಗೂ ನಡುವೆ ಎಷ್ಟು ಅಂತರ ಎಂಬುದನ್ನು ಕೂತು ನೋಡಬೇಕು. ಗುಣ ಮೇಲ್ತುದಿಯಲ್ಲೇ ಕಡಿದಾಗಿ ಕುಸಿಯುವಂತಿದ್ದರೆ ಮೊದಲ ಸರದಿ ಬಂಗಾರ. ನಿಧಾನಕ್ಕೆ ಇಳಿಯುವಂತಿದ್ದರೆ 8 ಮತ್ತು 9 ಸಿಕ್ಕವನೇ ಪುಣ್ಯವಂತ.

ಎಂಟು ಓವರಿನ ಟೆನಿಸ್ ಬಾಲ್ ಪಂದ್ಯದಲ್ಲಿ ಒಬ್ಬ ಬೌಲರ್‌ಗೆ ಎರಡೇ ಓವರ್ ಎಂದು ನಿಯಮವಿದ್ದರೆ, ಸೀಮೆಗೇ ಹೆಸರಾದ ಬೌಲರ್ ನಿಮ್ಮಲ್ಲಿದ್ದರೂ 48 ಎಸೆತಗಳಲ್ಲಿ 12 ಮಾತ್ರ ಅವನ ಕೈಯಲ್ಲಿ. ಉಳಿದ 36 ಎಸೆತ ಹಾಕುವವರು ಯಾರು ಎಂಬುದರ ಮೇಲೆ ಪಂದ್ಯ ನಿಂತಿರುತ್ತದೆ. ಅಲ್ಲಿ ಹಿಂದೆ ಸರಿಯುವವನು ಜಾಣ. ಕಬಡ್ಡಿಯ ಲೆಕ್ಕ ಬೇರೆ. ನಲವತ್ತು ನಿಮಿಷದ ಆಟ, ಒಂದು ರೈಡ್‌ಗೆ ಮೂವತ್ತು ಸೆಕೆಂಡ್. ಒಂದು ತಂಡಕ್ಕೆ ಸುಮಾರು ನಲವತ್ತು ರೈಡ್. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಒಬ್ಬ ಮುಖ್ಯ ರೈಡರ್ರೇ ಮಾಡಬಲ್ಲ. ಹಾಗಾಗಿ ಕಬಡ್ಡಿಯಲ್ಲಿ ಮೊದಲ ಆಟಗಾರನ ತೂಕ ಕ್ರಿಕೆಟ್ಟಿಗಿಂತ ಹೆಚ್ಚು. ಆದರೂ ಅವನು ಔಟಾಗಿ ಹೊರಗೆ ಕೂತರೆ ಮತ್ತೆ ಜೀವ ಬರುವ ತನಕ ಅಂಕಣ ಕಾಯುವುದು ಮಿಕ್ಕ ಆರು ಮಂದಿ.

ಸರದಿಯ ಆಯ್ಕೆಯನ್ನು ದೊಡ್ಡ ಶಾಸ್ತ್ರವನ್ನಾಗಿ ಬೆಳೆಸಿದವರು ಅಮೆರಿಕದವರು. ಅವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಗಜಗಜವಾಗಿ ಮುಂದೊತ್ತುವ ಆಟ. ಅದರ ಎನ್‌ಎಫ್‌ಎಲ್ ಲೀಗಿನಲ್ಲಿ ಪ್ರತಿವರ್ಷ ಕಾಲೇಜು ಆಟ ಮುಗಿಸಿದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಬಡವನಿಗೆ ಮೊದಲ ತುತ್ತು ಎಂಬ ಧರ್ಮ. ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್ ಇದನ್ನು ಸೂಚಿಸಿದರು, ಮೊದಲ ಡ್ರಾಫ್ಟ್ 1936ರಲ್ಲಿ ನಡೆಯಿತು. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಸಂಬಳದ ಮಾತು ಕುದುರದೆ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಸರದಿಯ ಮೇಲಿನ ನಂಬಿಕೆಗೆ ಮೊದಲ ದಿನವೇ ಪೆಟ್ಟು ಬಿದ್ದಿತ್ತು. ಆ ನಂಬಿಕೆ ಅದರಿಂದ ಕರಗಲಿಲ್ಲ.

ಈಗ ಆ ಲೀಗಿನಲ್ಲಿ 32 ತಂಡ, ಏಳು ಸುತ್ತು. ನಮ್ಮ ಊರಿನ ಹಾಗೆ ಸರದಿ ಹಿಂದುಮುಂದಾಗುವುದಿಲ್ಲ. ಪ್ರತಿ ಸುತ್ತಿಗೂ ಅದೇ ಕ್ರಮ. ಆದರೆ ಸರದಿಯನ್ನು ಕೊಡು-ಕೊಳ್ಳು ಮಾಡಬಹುದು. ಯಾವ ಸರದಿಗೆ ಎಷ್ಟು ಬೆಲೆ? 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಸಣ್ಣ ಪಾಲುದಾರ, ವೃತ್ತಿಯಲ್ಲಿ ಎಂಜಿನಿಯರ್ ಆಗಿದ್ದ ಮೈಕ್ ಮೆಕಾಯ್ ಹಳೆಯ ವ್ಯವಹಾರಗಳನ್ನೆಲ್ಲ ಗುಡ್ಡೆ ಹಾಕಿ ಒಂದು ಕೋಷ್ಟಕ ಮಾಡಿದ. ಮೊದಲ ಸರದಿಗೆ 3,000 ಅಂಕ, ಎರಡನೆಯದಕ್ಕೆ 2,600, ಹದಿನಾರನೆಯದಕ್ಕೆ 1,000, ಮೂವತ್ತೆರಡನೆಯದಕ್ಕೆ 590. ಕೋಚ್ ಜಿಮ್ಮಿ ಜಾನ್ಸನ್ ಅದನ್ನು ಬಳಸಿದರು, ಕ್ರಮೇಣ ಇಡೀ ಲೀಗಿಗೆ ಅದೇ ಪಂಚಾಂಗವಾಯಿತು. ಆ ಲೆಕ್ಕದಲ್ಲಿ ಮೊದಲ ಹುಡುಗನೊಬ್ಬ ಹದಿನಾರನೇ ಸರದಿಯ ಮೂವರಿಗೆ ಸಮ. ನಿಜವಾಗಿಯೂ ಸಮವೇ?

ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ವಿದ್ವಾಂಸರು ಇದನ್ನೇ ಅಳೆದು ನೋಡಿದರು. ಥೇಲರ್ ಎಂದರೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಮೇಲೆಂದು ಮುಂದೆ ಸಾಬೀತಾಗುವ ಸಂಭವ ನೂರಕ್ಕೆ ಸುಮಾರು 52. ನಾಣ್ಯ ಚಿಮ್ಮಿದರೆ 50. ವರ್ಷವಿಡೀ ನೂರಾರು ಪಂದ್ಯ ನೋಡಿ, ಹುಡುಗರ ಓಟ, ನೆಗೆತ, ತೂಕವನ್ನೆಲ್ಲ ಅಳೆದು ತಜ್ಞರು ಗಳಿಸುವ ಲಾಭ ಆ ಎರಡು. ಇದರಿಂದ ಅವರ ಜಾಣ್ಮೆಗೆ ಕುಂದೇನೂ ಇಲ್ಲ. ಇಪ್ಪತ್ತೊಂದರ ಹುಡುಗ ಇಪ್ಪತ್ತಾರಕ್ಕೆ ಏನಾಗುತ್ತಾನೆ ಎಂಬುದು ಅಷ್ಟು ಅನಿಶ್ಚಿತ. ಆದರೆ ಕೋಷ್ಟಕದ ಬೆಲೆ ಇಳಿಯುವ ವೇಗ ಮಾತ್ರ ಆ ಅನಿಶ್ಚಿತತೆಯನ್ನು ಮರೆತಂತಿದೆ. ಆಟಗಾರರ ಗುಣ ಮೆಲ್ಲಗೆ ಇಳಿಯುತ್ತದೆ, ಸರದಿಯ ಬೆಲೆ ಧಡಕ್ಕನೆ ಇಳಿಯುತ್ತದೆ. ಆ ಎರಡರ ನಡುವಿನ ಸಂದಿಯಲ್ಲಿ ಹಿಂದೆ ಸರಿಯುವವನ ಲಾಭವಿದೆ.

ಮ್ಯಾಸಿ, ಥೇಲರ್ ಕಂಡ ಇನ್ನೊಂದು ಸಂಗತಿ ನಮ್ಮ ಭಾಗದವರಿಗೆ ಒಡನೆ ಅರ್ಥವಾಗುವಂಥದ್ದು. ಇಲ್ಲಿ ಊರೂರಿಗೂ ಭಿಸಿ ಇದೆ. ಇಪ್ಪತ್ತು ಮಂದಿ ತಿಂಗಳಿಗೆ ಐದು ಸಾವಿರದಂತೆ ಹಾಕಿದರೆ ಒಂದು ಲಕ್ಷ ಕೂಡುತ್ತದೆ. ಮನೆಯಲ್ಲಿ ಮದುವೆಯೋ ಬೋರ್‌ವೆಲ್ಲೋ ಬಂದವನು ಮೊದಲ ತಿಂಗಳೇ ಲಿಲಾವು ಕೂಗಿ ಎಂಬತ್ತು ಸಾವಿರಕ್ಕೆ ಎತ್ತಿಕೊಂಡು ಹೋಗುತ್ತಾನೆ; ಬಿಟ್ಟ ಇಪ್ಪತ್ತು ಸಾವಿರ ಉಳಿದವರಿಗೆ ಹಂಚಿಕೆಯಾಗುತ್ತದೆ. ಅವಸರವಿಲ್ಲದವನು ಕೊನೆಯವರೆಗೆ ಕಾದು, ಬಂದ ಹಂಚಿಕೆಯನ್ನೆಲ್ಲ ಉಂಡು, ಪೂರ್ತಿ ಲಕ್ಷದ ಹತ್ತಿರ ಎತ್ತುತ್ತಾನೆ. ಡ್ರಾಫ್ಟ್‌ನಲ್ಲೂ ಹೀಗೇ ಈ ವರ್ಷದ ಸರದಿಗೆ ಬದಲಾಗಿ ಮುಂದಿನ ವರ್ಷದ ಸರದಿ ಕೊಡುವ ವ್ಯವಹಾರವಿದೆ. ಈ ವರ್ಷದ ಎರಡನೇ ಸುತ್ತಿನ ಒಂದು ಆಯ್ಕೆಗಾಗಿ ಬರುವ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನೇ ಬಿಟ್ಟುಕೊಡುತ್ತಾರೆ. ಅದರಲ್ಲಿ ಅಡಗಿರುವ ಬಡ್ಡಿಯನ್ನು ಮ್ಯಾಸಿ, ಥೇಲರ್ ಲೆಕ್ಕ ಹಾಕಿದರೆ ವರ್ಷಕ್ಕೆ ಶೇಕಡಾ 136 ಬಂತು. ನಮ್ಮ ಸಂತೆಯಲ್ಲಿ ಯಾವ ಭಿಸಿಯವನೂ ಅಂಥ ಬಡ್ಡಿಗೆ ಒಪ್ಪಲಾರ. ಕೋಟ್ಯಧಿಪತಿ ಮಾಲೀಕರು ಏಕೆ ಒಪ್ಪುತ್ತಾರೆ? ಕೋಚ್‌ಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದು. ಅವನಿಗೆ ಈ ವರ್ಷವೇ ಗೆಲ್ಲಬೇಕು. ಅವಸರ ಒಬ್ಬನದು, ಸಾಲ ತೀರಿಸುವವನು ಇನ್ನೊಬ್ಬ.

ವಾಷಿಂಗ್ಟನ್ ತಂಡದ ಆಗಿನ ಮಾಲೀಕ ಈ ಸಂಶೋಧನೆಯ ಸುದ್ದಿ ಕೇಳಿ ಥೇಲರ್ ಬಳಗದ ಸಲಹೆ ಕೇಳಿದ್ದರು. ಆಮೇಲೆ 2012ರಲ್ಲಿ ಅದೇ ತಂಡ ಸಲಹೆಗೆ ತದ್ವಿರುದ್ಧ ನಡೆಯಿತು. ಆಗ ಸೇಂಟ್ ಲೂಯಿಸ್‌ನಲ್ಲಿದ್ದ ರ‍್ಯಾಮ್ಸ್ ತಂಡದ ಬಳಿ ಎರಡನೇ ಸರದಿ ಇತ್ತು. ರಾಬರ್ಟ್ ಗ್ರಿಫಿನ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ, ಅಂದರೆ ತಂಡದ ಆಟ ನಡೆಸುವವನಿಗಾಗಿ, ವಾಷಿಂಗ್ಟನ್ ತನ್ನ ಆರನೇ ಸರದಿ, ಅದೇ ವರ್ಷದ ಎರಡನೇ ಸುತ್ತಿನ ಆಯ್ಕೆ, ಜೊತೆಗೆ 2013 ಮತ್ತು 2014ರ ಮೊದಲ ಸುತ್ತಿನ ಆಯ್ಕೆಗಳನ್ನೂ ಕೊಟ್ಟಿತು. ಗ್ರಿಫಿನ್ ಮೊದಲ ವರ್ಷ ಮಿಂಚಿದ, ಮೊಣಕಾಲಿಗೆ ಪೆಟ್ಟಾಯಿತು, ಮತ್ತೆ ಆ ಹೊಳಪು ಬರಲಿಲ್ಲ. 2014ರ ಡಿಸೆಂಬರ್ 7ರಂದು ಇದೇ ಎರಡು ತಂಡಗಳು ವಾಷಿಂಗ್ಟನ್‌ನ ಮೈದಾನದಲ್ಲಿ ಎದುರಾದಾಗ ರ‍್ಯಾಮ್ಸ್ ಕೋಚ್ ಟಾಸಿಗೆ ಆರು ಮಂದಿಯನ್ನು ಕಳಿಸಿದರು. ಆರೂ ಜನ ಆ ಒಂದು ವ್ಯವಹಾರದಿಂದ ದಕ್ಕಿದ ಹುಡುಗರು. ರ‍್ಯಾಮ್ಸ್ 24–0ಯಿಂದ ಗೆದ್ದಿತು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಓದುಗರಿಗೆ ಮೋಸ. ಆರು ಮಂದಿ ಸಿಕ್ಕ ಅದೇ ರ‍್ಯಾಮ್ಸ್ 2012ರಿಂದ 2015ರವರೆಗಿನ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ. ಒಳ್ಳೆಯ ಆಟಗಾರರು ತುಂಬಿದ್ದರು, ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಇರಲಿಲ್ಲ. ಕೊನೆಗೆ 2016ರಲ್ಲಿ ತಾವೇ ಮೇಲೇರಿ ಮೊದಲ ಸರದಿ ಕೊಂಡು ಜಾರೆಡ್ ಗಾಫ್‌ನನ್ನು ಆರಿಸಿದರು. ಹಿಂದೆ ಸರಿಯುವ ವಿದ್ಯೆಯ ಗಡಿ ಇಲ್ಲಿ ಕಾಣುತ್ತದೆ: ಒಂದೇ ಕುರ್ಚಿ ಇರುವ ಸ್ಥಾನಕ್ಕೆ ಮೂವರು ಸಾಧಾರಣರು ಸೇರಿ ಒಬ್ಬ ಅಸಾಧಾರಣನಾಗುವುದಿಲ್ಲ. 2017ರಲ್ಲಿ ಬಫಲೋ ತಂಡ ತನ್ನ ಹತ್ತನೇ ಸರದಿಯನ್ನು ಕಾನ್ಸಾಸ್ ಸಿಟಿಗೆ ಕೊಟ್ಟು 27ನೇ ಸರದಿ, ಮೂರನೇ ಸುತ್ತಿನ ಒಂದು ಆಯ್ಕೆ, ಮರುವರ್ಷದ ಮೊದಲ ಸುತ್ತಿನ ಆಯ್ಕೆ ಪಡೆಯಿತು. ಯಾವ ಕೋಷ್ಟಕ ಹಿಡಿದು ನೋಡಿದರೂ ಒಳ್ಳೆಯ ಬೆಲೆ. ಆ ಹತ್ತನೇ ಸರದಿಯಲ್ಲಿ ಕಾನ್ಸಾಸ್ ಸಿಟಿ ಎತ್ತಿಕೊಂಡದ್ದು ಪ್ಯಾಟ್ರಿಕ್ ಮಹೋಮ್ಸ್‌ನನ್ನು. ಅವನು ಆ ತಂಡಕ್ಕೆ ಲೀಗಿನ ಫೈನಲ್ ಆದ ಸೂಪರ್ ಬೌಲನ್ನು ಮೂರು ಬಾರಿ ಗೆದ್ದುಕೊಟ್ಟ, ದಾರಿಯಲ್ಲಿ ಬಫಲೋವನ್ನೂ ಪ್ಲೇ ಆಫ್‌ಗಳಲ್ಲಿ ಮತ್ತೆ ಮತ್ತೆ ಸೋಲಿಸಿದ.

2011ರಲ್ಲಿ ಆದ ಒಂದು ಬದಲಾವಣೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಅದಕ್ಕೆ ಮುಂಚೆ ಮೊದಲ ಸರದಿಯ ಹುಡುಗನಿಗೆ ಸಂಬಳವೂ ಆಕಾಶದಲ್ಲಿರುತ್ತಿತ್ತು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದ. ಹೊಸಬರ ಸಂಬಳಕ್ಕೆ ಮಿತಿ ಬಂದ ಮೇಲೆ 2011ರ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಮೊದಲ ಸರದಿ ಅಷ್ಟು ಅಗ್ಗವಾದ ಮೇಲೆ ಅದನ್ನು ಬಿಟ್ಟುಕೊಡಲು ಮೊದಲಿಗಿಂತ ಹೆಚ್ಚು ಬೆಲೆ ಕೇಳಲೇಬೇಕು. ತಂತ್ರ ಒಂದೇ ಇದ್ದರೂ ನಿಯಮ ಬದಲಾದಾಗ ಅದರ ತೂಕ ಬದಲಾಗುತ್ತದೆ.

ನಮ್ಮ ರಾಜ್ಯದ ಫುಟ್‌ಬಾಲ್‌ನಲ್ಲೇ ಇದರ ಅಚ್ಚುಕಟ್ಟಾದ ಉದಾಹರಣೆ ಇದೆ. 2017ರ ಜುಲೈ 23ರಂದು ಮುಂಬೈಯಲ್ಲಿ ಇಂಡಿಯನ್ ಸೂಪರ್ ಲೀಗಿನ ಆಟಗಾರರ ಡ್ರಾಫ್ಟ್ ನಡೆಯಿತು. ಬೆಂಗಳೂರು ಎಫ್‌ಸಿ ಆ ವರ್ಷವೇ ಲೀಗಿಗೆ ಸೇರಿತ್ತು. ಹಳೆಯ ಆಟಗಾರರನ್ನು ಉಳಿಸಿಕೊಂಡವರು ಡ್ರಾಫ್ಟ್‌ಗೆ ತಡವಾಗಿ ಇಳಿಯಬೇಕೆಂಬುದು ಅಲ್ಲಿನ ನಿಯಮ. ಯಾರನ್ನೂ ಉಳಿಸಿಕೊಳ್ಳದ ದೆಹಲಿ ಮತ್ತು ಜಮ್ಶೆಡ್‌ಪುರ ಮೊದಲ ಸುತ್ತಿನಿಂದ ಆರಿಸಿದವು, ಒಬ್ಬನನ್ನು ಉಳಿಸಿಕೊಂಡ ಪುಣೆ ಎರಡನೇ ಸುತ್ತಿನಿಂದ. ಸುನಿಲ್ ಛೆಟ್ರಿ ಮತ್ತು ಉದಾಂತ ಸಿಂಗ್ ಇಬ್ಬರನ್ನೂ ಉಳಿಸಿಕೊಂಡ ಬೆಂಗಳೂರು ಮೂರನೇ ಸುತ್ತಿನವರೆಗೆ ಸುಮ್ಮನೆ ಕಾಯಬೇಕಾಯಿತು. ಜಮ್ಶೆಡ್‌ಪುರ ಮೊದಲ ಸರದಿಯಲ್ಲಿ 1.10 ಕೋಟಿ ರೂಪಾಯಿಯ ಅನಸ್ ಎಡತೊಡಿಕರನ್ನು ಆರಿಸಿತು. ಬೆಂಗಳೂರಿನ ಪಾಲಿಗೆ ಬಂದವರಲ್ಲಿ ರಾಹುಲ್ ಭೇಕೆ, ಹರ್ಮನ್‌ಜೋತ್ ಖಾಬ್ರಾ, ಲೆನ್ನಿ ರಾಡ್ರಿಗಸ್, ಸುಭಾಶಿಶ್ ಬೋಸ್ ಇದ್ದರು. ಪತ್ರಿಕೆಗಳ ತಲೆಬರಹ ಬೇರೆಯವರಿಗೆ ಹೋಯಿತು.

ಆ ಋತುವಿನಲ್ಲಿ ಬೆಂಗಳೂರು 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿತು, ಎರಡನೆಯವರಿಗಿಂತ ಎಂಟು ಅಂಕ ಮುಂದೆ. ಜಮ್ಶೆಡ್‌ಪುರ, ದೆಹಲಿ ಎರಡೂ ಪ್ಲೇ ಆಫ್ ಮುಟ್ಟಲಿಲ್ಲ. ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2–3ರಿಂದ ಸೋತದ್ದು ಬೆಂಗಳೂರಿನ ಅಭಿಮಾನಿಗಳು ಮರೆಯಲಾರದ ನೋವು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ವಿರುದ್ಧ ಮತ್ತೊಂದು ಫೈನಲ್. ಹೆಚ್ಚುವರಿ ಸಮಯದ 117ನೇ ನಿಮಿಷದವರೆಗೆ ಗೋಲಿಲ್ಲ. ಆಗ ಕಾರ್ನರ್ ಚೆಂಡಿಗೆ ತಲೆ ಕೊಟ್ಟು ಕಪ್ ತಂದವರು ಕಾದು ಪಡೆದ ಡಿಫೆಂಡರ್ ರಾಹುಲ್ ಭೇಕೆ. ಛೆಟ್ರಿಯನ್ನು ಉಳಿಸಿಕೊಳ್ಳಲು ಮೊದಲ ಸರದಿಗಳನ್ನು ತೆತ್ತದ್ದು ಸರಿಯೇ ಎಂದು ಆ ದಿನ ಯಾರೂ ಕೇಳಬೇಕಿರಲಿಲ್ಲ. ಇಲ್ಲಿ ತಿಳಿಯಬೇಕಾದದ್ದು ಇಷ್ಟು: ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬಷ್ಟೇ ಮುಖ್ಯ, ಬದಲಿಗೆ ಏನು ಕೈಯಲ್ಲಿ ಉಳಿಯುತ್ತಿದೆ ಎಂಬುದು. ಗೊತ್ತಿರುವ ಆಟಗಾರನನ್ನು ಇಟ್ಟುಕೊಂಡು ಗೊತ್ತಿಲ್ಲದವನ ಮೊದಲ ಸರದಿ ಬಿಡುವುದು ಹಿಂದೆ ಸರಿಯುವ ದಾರಿಗಳಲ್ಲೆಲ್ಲ ಅತ್ಯಂತ ಭದ್ರವಾದದ್ದು.

ಕಬಡ್ಡಿಗೆ ಬರೋಣ, ನಮ್ಮ ಮೂರೂ ತಾಲ್ಲೂಕಿನ ಓದುಗರು ಅದಕ್ಕೇ ಕಾದಿರುತ್ತಾರೆ. ಪ್ರೊ ಕಬಡ್ಡಿಯಲ್ಲಿ ಇರುವುದು ಲಿಲಾವು. ಎಲ್ಲ ತಂಡಗಳಿಗೂ ಒಂದೇ ಮೊತ್ತ. ಒಬ್ಬನಿಗೆ ಹೆಚ್ಚು ಸುರಿದರೆ ಮಿಕ್ಕವರಿಗೆ ಕಡಿಮೆ, ಹಾಗಾಗಿ ದೊಡ್ಡ ಹೆಸರನ್ನು ಬಿಟ್ಟುಬಿಡುವುದೇ ಇಲ್ಲಿ ಹಿಂದೆ ಸರಿಯುವುದು. 2018ರ ಆರನೇ ಆವೃತ್ತಿಯಲ್ಲಿ ತಂಡಕ್ಕೆ 4 ಕೋಟಿ ರೂಪಾಯಿ. ಆ ಲಿಲಾವಿನಲ್ಲಿ ಆಟಗಾರನ ಬೆಲೆ ಮೊದಲ ಬಾರಿಗೆ ಕೋಟಿಯ ಗೆರೆ ದಾಟಿತು. ಹರಿಯಾಣ ಸ್ಟೀಲರ್ಸ್ ಮೋನು ಗೋಯತ್‌ಗೆ 1.51 ಕೋಟಿ ಕೊಟ್ಟಿತು, ಅಂದರೆ ಗಂಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಒಟ್ಟು ಆರು ಮಂದಿ ಕೋಟಿ ಮುಟ್ಟಿದರು. ಆ ಆರರಲ್ಲಿ ಯಾರನ್ನೂ ಬೆಂಗಳೂರು ಬುಲ್ಸ್ ಕೊಳ್ಳಲಿಲ್ಲ. ರೋಹಿತ್ ಕುಮಾರ್‌ನನ್ನು ಉಳಿಸಿಕೊಂಡರು, ಸಾಂಗ್ಲಿಯ ಕಾಶಿಲಿಂಗ ಅಡಕೆಯನ್ನು ತಂದರು, ಹಿಂದಿನ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿ ಹೆಚ್ಚು ಅವಕಾಶ ಸಿಗದೆ ಕೂತಿದ್ದ ಪವನ್ ಸೆಹ್ರಾವತ್‌ನನ್ನು 52.8 ಲಕ್ಷಕ್ಕೆ ತಂದರು. ಪವನ್ ಆ ಆವೃತ್ತಿಯಲ್ಲಿ 271 ರೈಡ್ ಅಂಕ ಗಳಿಸಿದ. 2019ರ ಜನವರಿ 5ರ ಫೈನಲ್‌ನಲ್ಲಿ ಗುಜರಾತ್ ವಿರುದ್ಧವೇ ಬುಲ್ಸ್ ಗಳಿಸಿದ 38 ಅಂಕಗಳಲ್ಲಿ 22 ಅವನ ಒಬ್ಬನವು. ಹರಿಯಾಣ ತನ್ನ ವಲಯದ ಕೊನೆಯ ಸ್ಥಾನದಲ್ಲಿ ಉಳಿಯಿತು.

ಒಬ್ಬ ರೈಡರ್‌ನ ತೂಕ ಕಬಡ್ಡಿಯಲ್ಲಿ ದೊಡ್ಡದು ಎಂದು ಮೊದಲೇ ಹೇಳಿದೆ. ಈ 22 ಅಂಕ ಅದಕ್ಕೇ ಸಾಕ್ಷಿ. ಆದರೆ ಆ ಒಬ್ಬ ಯಾರು ಎಂಬುದು ಲಿಲಾವಿನ ದಿನ ಯಾರಿಗೂ ಗೊತ್ತಿರುವುದಿಲ್ಲ. ಪವನ್‌ಗಿಂತ ಎರಡು ಮೂರು ಪಟ್ಟು ಬೆಲೆಯವರು ಆರು ಮಂದಿ ಅದೇ ಕೋಣೆಯಲ್ಲಿ ಮಾರಾಟವಾಗಿದ್ದರು. ಮುಂದೆ ಎಲ್ಲರಿಗೂ ಗೊತ್ತಾದ ಮೇಲೆ ಏನಾಯಿತು ನೋಡಿ. 2022ರಲ್ಲಿ ತಮಿಳು ತಲೈವಾಸ್ ಅವನಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿದ್ದು ಇಡೀ ಆವೃತ್ತಿ ಅವನು ಹೊರಗುಳಿದ. ತಲೈವಾಸ್ ಕುಸಿಯಲಿಲ್ಲ, ಹೊಸ ಹುಡುಗ ನರೇಂದರ್ ಇನ್ನೂರಕ್ಕೂ ಹೆಚ್ಚು ರೈಡ್ ಅಂಕ ತಂದು ತಂಡವನ್ನು ಮೊದಲ ಬಾರಿಗೆ ಸೆಮಿಫೈನಲ್‌ಗೆ ಮುಟ್ಟಿಸಿದ. ಮರುವರ್ಷ 5 ಕೋಟಿಯ ಗಂಟಿನಲ್ಲಿ 2.605 ಕೋಟಿಯನ್ನು ತೆಲುಗು ಟೈಟನ್ಸ್ ಪವನ್ ಒಬ್ಬನಿಗೇ ಕೊಟ್ಟಿತು. ಪವನ್ ಚೆನ್ನಾಗಿಯೇ ಆಡಿದ. ತಂಡ 22 ಪಂದ್ಯಗಳಲ್ಲಿ ಎರಡು ಗೆದ್ದು ಪಟ್ಟಿಯ ತಳದಲ್ಲಿ ನಿಂತಿತು. ಅರ್ಧ ಗಂಟನ್ನು ಒಬ್ಬನಿಗೆ ಕೊಟ್ಟ ಮೇಲೆ ಅವನು ಹೊರಗೆ ಕೂತ ಹೊತ್ತಿನಲ್ಲಿ ಅಂಕಣ ಕಾಯುವವರಿಗೆ ಉಳಿದದ್ದು ಇನ್ನರ್ಧ.

ಹಾಗಾದರೆ ಹಿಂದೆ ಸರಿಯುವವನು ಎಷ್ಟು ಸರಿಯಬೇಕು? ಇಲ್ಲಿ ಕುಶಲರು ಬಳಸುವ ಒಂದು ಉಪಾಯವಿದೆ. ಆಟಗಾರರಿಗೆ 1, 2, 3 ಎಂದು ಬಿಡಿ ಅಂಕ ಕೊಡುವ ಬದಲು ಅವರು ಗುಂಪು ಮಾಡುತ್ತಾರೆ. ಈ ಇಬ್ಬರು ಒಂದು ಗುಂಪು, ಮುಂದಿನ ಏಳು ಮಂದಿ ಹೆಚ್ಚುಕಡಿಮೆ ಸಮ, ಆಮೇಲಿನ ಹತ್ತು ಮಂದಿ ಇನ್ನೊಂದು. ಏಳರ ಗುಂಪಿನ ತಲೆಯಲ್ಲಿ ನಿಮ್ಮ ಸರದಿ ಬಂದರೆ ಧಾರಾಳವಾಗಿ ಐದಾರು ಹೆಜ್ಜೆ ಹಿಂದೆ ಸರಿಯಬಹುದು. ಸಮನಾದವರಲ್ಲಿ ಒಬ್ಬ ಸಿಕ್ಕೇ ಸಿಗುತ್ತಾನೆ, ಮೇಲೊಂದು ಆಯ್ಕೆ ಲಾಭ. ಗುಂಪಿನ ಕೊನೆಯವನು ಉಳಿದಿರುವಾಗ ಒಂದು ಹೆಜ್ಜೆ ಸರಿದರೂ ನಷ್ಟ. ಇದಕ್ಕೆ ಎದುರಿನವರ ಮನಸ್ಸೂ ಗೊತ್ತಿರಬೇಕು. ಎನ್‌ಎಫ್‌ಎಲ್‌ನ 2017ರ ಡ್ರಾಫ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎರಡನೇ ಸರದಿಯಿಂದ ಮೂರಕ್ಕೆ ಒಂದೇ ಒಂದು ಹೆಜ್ಜೆ ಸರಿಯಿತು. ಮೂರನೆಯದರಲ್ಲಿದ್ದ ಶಿಕಾಗೋಗೆ ಮಿಚ್ ಟ್ರುಬಿಸ್ಕಿಯೇ ಬೇಕಿತ್ತು. ಆ ಒಂದು ಹೆಜ್ಜೆಗೆ ಶಿಕಾಗೋ ಮೂರು ಆಯ್ಕೆ ಹೆಚ್ಚುವರಿಯಾಗಿ ತೆತ್ತಿತು. ಸ್ಯಾನ್ ಫ್ರಾನ್ಸಿಸ್ಕೊ ತಾನು ಮೊದಲೇ ಗುರುತಿಸಿದ್ದ ಹುಡುಗನನ್ನೇ ಮೂರನೆಯದರಲ್ಲಿ ತೆಗೆದುಕೊಂಡಿತು. ಆ ಹುಡುಗ ನಿರೀಕ್ಷೆಯಷ್ಟು ಬೆಳೆಯಲಿಲ್ಲ ಎಂಬುದು ಬೇರೆ ಮಾತು. ಸರದಿಯ ವ್ಯವಹಾರದಲ್ಲಿ ತಪ್ಪಿರಲಿಲ್ಲ, ಆಯ್ಕೆಯಲ್ಲಿತ್ತು. ಇವೆರಡನ್ನೂ ಬೇರೆ ಬೇರೆಯಾಗಿ ತೂಗಬೇಕು.

ಕೂಡಿಸಿದ್ದನ್ನು ಖರ್ಚು ಮಾಡುವುದಕ್ಕೂ ಧೈರ್ಯ ಬೇಕು. ಡಲ್ಲಾಸ್ ಕೌಬಾಯ್ಸ್ 1989ರಲ್ಲಿ ತನ್ನ ಏಕೈಕ ತಾರೆ ಹರ್ಷೆಲ್ ವಾಕರ್‌ನನ್ನು ಮಿನೆಸೋಟಕ್ಕೆ ಕೊಟ್ಟು ಆಟಗಾರರನ್ನೂ ಸರದಿಗಳನ್ನೂ ರಾಶಿ ರಾಶಿ ಪಡೆಯಿತು. ಆ ವರ್ಷ ಗೆದ್ದದ್ದು ಒಂದೇ ಪಂದ್ಯ, ಜನ ಬೈದರು. ಮರುವರ್ಷ ಅದೇ ರಾಶಿಯಿಂದ 21ನೇ ಸರದಿಯ ಜೊತೆ ಇನ್ನೊಂದು ಆಯ್ಕೆ ಕೊಟ್ಟು 17ಕ್ಕೆ ಮೇಲೇರಿ ಎಮಿಟ್ ಸ್ಮಿತ್‌ನನ್ನು ಆರಿಸಿತು. ಲೀಗಿನ ಇತಿಹಾಸದಲ್ಲಿ ಅವನಷ್ಟು ಗಜ ಓಡಿದವರು ಯಾರೂ ಇಲ್ಲ. 1990ರ ದಶಕದಲ್ಲಿ ಡಲ್ಲಾಸ್ ಮೂರು ಸೂಪರ್ ಬೌಲ್ ಗೆದ್ದಿತು. ಇಳಿಯಲು ಬಲ್ಲವನಿಗೆ ಏರುವ ಹೊತ್ತೂ ತಿಳಿದಿತ್ತು.

ಕಬಡ್ಡಿಯಲ್ಲಿ ಈ ಎರಡೂ ತಿಳಿದ ಕೈ ನಮ್ಮವರೇ ಆದ ಬಿ.ಸಿ. ರಮೇಶ್ ಅವರದು. ಅವರು ಕೋಚ್ ಆಗಿದ್ದ ಬೆಂಗಾಲ್ ವಾರಿಯರ್ಸ್ 2019ರ ಫೈನಲ್ ಆಡಿದಾಗ ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದ. ಇರಾನಿನ ನಬಿಬಕ್ಷ್ ತಂಡ ನಡೆಸಿದ, ಕರ್ನಾಟಕದ ಸುಕೇಶ್ ಹೆಗ್ಡೆ ರೈಡಿಗೆ ಹೆಗಲು ಕೊಟ್ಟ. ದೆಹಲಿಯನ್ನು 39–34ರಿಂದ ಮಣಿಸಿ ಕಪ್ ಗೆದ್ದರು. ತಾರೆ ಇಲ್ಲದ ದಿನ ಗೆಲ್ಲಲು ಬೇಕಾದ ಆಳವನ್ನು ಲಿಲಾವಿನ ದಿನವೇ ಕೂಡಿಸಿಟ್ಟುಕೊಳ್ಳಬೇಕು, ಪಂದ್ಯದ ದಿನ ಅದು ಸಿಗುವುದಿಲ್ಲ.

ಮುಂದೆ ಅವರು ಪುಣೇರಿ ಪಲ್ಟನ್‌ಗೆ ಬಂದಾಗ ಅಲ್ಲಿ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂಧೆಯಂಥ ಎಳೆಯರಿದ್ದರು. ಪಲ್ಟನ್ ಅವರನ್ನು ಲಿಲಾವಿನ ಬಿಸಿಗೆ ಒಡ್ಡದೆ ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡು ಬೆಳೆಸಿತು. ಅಂಕಣದ ಬಹುಪಾಲು ಹೀಗೆ ಕಡಿಮೆ ಖರ್ಚಿನಲ್ಲಿ ತುಂಬಿದ್ದರಿಂದ ಹತ್ತನೇ ಆವೃತ್ತಿಯ ಲಿಲಾವಿನಲ್ಲಿ ಅವರ ಗಂಟು ಭಾರವಾಗಿತ್ತು, ಕೊರತೆ ಒಂದೇ ಇತ್ತು. ಆಗ ಅವರು ಹಿಂದೆ ಸರಿಯಲಿಲ್ಲ. ಇರಾನಿನ ಡಿಫೆಂಡರ್ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಕೂಗಿ ತಂದರು. ಅದೇ ಲಿಲಾವಿನಲ್ಲಿ ಟೈಟನ್ಸ್ ಪವನ್‌ಗೆ ಕೊಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ ಹಣ. ಒಬ್ಬರು ತಳಪಾಯವಿಲ್ಲದೆ ಕೊಟ್ಟರು, ಇನ್ನೊಬ್ಬರು ತಳಪಾಯ ಹಾಕಿ ಮುಗಿಸಿ ಕೊಟ್ಟರು. ಶಾದ್ಲೂಯಿ ಆ ಆವೃತ್ತಿಯ ಅತ್ಯುತ್ತಮ ಡಿಫೆಂಡರ್ ಆದ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28–25ರಿಂದ ಸೋಲಿಸಿ ಪಲ್ಟನ್ ಮೊದಲ ಬಾರಿಗೆ ಕಪ್ ಎತ್ತಿತು. ಎತ್ತಿದ ನಾಯಕ, ಎಳೆಯನಾಗಿ ಸೇರಿ ಅದೇ ತಂಡದಲ್ಲಿ ಬೆಳೆದ ಅಸ್ಲಂ ಇನಾಮದಾರ್.